ಜೇಬಿನಲ್ಲಿಟ್ಟುಕೊಂಡ ಫ್ಯೂಸು

ಅವರ ಎಡಗೈಯ ಕೊನೆಯ ಎರಡು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬುಡದಿಂದ ತುದಿಯವರೆಗೆ ಚರ್ಮ ನುಣ್ಣಗೆ, ಆರಿದ ಹಾಲಿನ ಕೆನೆಯಂತಿತ್ತು. ಆ ಕೈಯಲ್ಲಿ ಅವರು ಕಾಫಿ ಲೋಟ ಹಿಡಿದಾಗಲೆಲ್ಲ ಲೋಟ ಎಲ್ಲಿ ಜಾರುತ್ತದೋ ಎಂದು ನಾನು ಅದನ್ನೇ ನೋಡುತ್ತಿದ್ದೆ. "ಈ ಕೈಗೆ ಬಿಸಿ ಗೊತ್ತಾಗಕಿಲ್ಲ ಕಣವ್ವ, ಕಾಫಿಗೆ ಇದೇ ಸರಿ" ಎನ್ನುತ್ತಿದ್ದರು. ಬೆರಳಿಗೆ ಏನಾಯಿತೆಂದು ನಾನು ಕೇಳಿರಲಿಲ್ಲ. ಕೇಳುವಷ್ಟು ಪ್ರೀತಿ ಆಗ ನನಗೆ ಅವರ ಮೇಲೆ ಇರಲೂ ಇಲ್ಲ.

ಅಟ್ಟೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಲೈನ್‌ಮನ್ ಯಜಮಾನರು ಎಂದೇ ಕರೆಯುತ್ತಿದ್ದರು. ಲೇಔಟ್ ಆಗುವ ಮುಂಚಿನ ಹಳ್ಳಿಯವರು. ನಮ್ಮ ಮನೆ ನಿಂತಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಇವರು ಮಾತ್ರ ನೇಗಿಲು ಬಿಟ್ಟು ಕರೆಂಟ್ ಕಂಬ ಹತ್ತಿದವರು. ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದರೂ ಖಾಕಿ ಅಂಗಿ ಬಿಟ್ಟಿರಲಿಲ್ಲ. ಅದರ ಎದೆಜೇಬಿನಲ್ಲಿ ಯಾವಾಗಲೂ ಒಂದು ಹಳೆಯ ಬಿಳಿ ಪಿಂಗಾಣಿ ಫ್ಯೂಸು ಇರುತ್ತಿತ್ತು. ಕಂಬ ಹತ್ತುವ ಮುಂಚೆ, ಕೆಳಗೆ ಯಾರೂ ಲೈನಿಗೆ ಕರೆಂಟು ಕೊಡದಂತೆ, ಫ್ಯೂಸು ಕಿತ್ತು ಸ್ವಂತ ಜೇಬಿಗೆ ಹಾಕಿಕೊಳ್ಳಬೇಕು, ಹೆಂಡತಿ ಕೇಳಿದರೂ ಕೊಡಬಾರದು ಎನ್ನುವುದು ಅವರ ಕಸುಬಿನ ಮೊದಲ ಪಾಠ. "ನನ್ ಜೀವ ನನ್ ಜೇಬಲ್ಲಿರ್ಬೇಕು" ಎಂದು ಫ್ಯೂಸಿನ ಮೇಲೆ ತಟ್ಟಿ ಹೇಳುತ್ತಿದ್ದರು. ಕೆಲಸ ಹೋದರೂ ಆ ಅಭ್ಯಾಸ ಹೋಗಿರಲಿಲ್ಲ.

ಅವರದೊಂದು ಕೆಟ್ಟ ಚಾಳಿ ಇತ್ತು. ಬೀದಿಯ ಯಾರ ತಾರಸಿಗಾದರೂ ಹೇಳದೆ ಕೇಳದೆ ಹತ್ತಿಬಿಡುವುದು. ಬೆಳಗ್ಗೆ ನಾನು ಒಣಗಿದ ಬಟ್ಟೆ ತರಲು ಹೋದರೆ ಇವರು ನಮ್ಮ ನೀರು ಕಾಯಿಸುವ ಸೋಲಾರಿನ ಪೈಪಿಗೆ ಬಲಗೈ ಒತ್ತಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ನೋಡುವ ಹಾಗೆ ನಿಂತಿರುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಇರುವ ನನಗೆ ಅದು ಸಹಿಸುವ ಮಾತೇ?

"ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಯ್ತು, ಬಿಸಿಲು ಬಲೀತು. ಆದ್ರೂ ನಿಮ್ ನೀರು ಉಗುರುಬೆಚ್ಚಗೇ ಐತೆ, ಯಾಕೇಳಿ?" ಎಂದು ಒಮ್ಮೆ ಪರೀಕ್ಷೆ ಮಾಡಿದರು.

"ಯಾಕೆ?"

"ಬಿಸಿಲಿನ ಜೊತೆ ಧೂಳೂ ಬಲೀತದೆ. ಮೇಲೆ ಹೊಂಗೆ ಹೂ ಉದುರಿ ಗಾಜಿಗೆ ಅಂಟ್ಕೊಂಡೈತೆ. ಒಳಗೆ ಬೋರ್‌ವೆಲ್ ನೀರಿನ ಸುಣ್ಣ. ಪಾಪ, ಸೂರ್ಯ ಏನ್ ಮಾಡಾನು?"

ಕರೆಂಟು ತಯಾರಿಸುವ ಪ್ಯಾನೆಲ್‌ಗಳನ್ನೂ ಅವರೇ ಒರೆಸುತ್ತಿದ್ದರು, ಅದೂ ಬಿಸಿಲೇರುವ ಮುಂಚೆ. ಕಾದ ಗಾಜಿನ ಮೇಲೆ ತಣ್ಣೀರು ಹಾಕಿದರೆ ಬಿರುಕು ಬಿಡುತ್ತದೆಂದು ನನಗೆ ಹೇಳಿಕೊಟ್ಟದ್ದು ಅವರೇ. ನಾನು ಮೊಬೈಲ್ ತೆಗೆದು, ಈವತ್ತು ಇಷ್ಟು ಯೂನಿಟ್ ಬಂತು ಎಂದು ತೋರಿಸಿದರೆ, "ನಿಮ್ ಫೋನು ಸೂರ್ಯನ್ನ ಕೇಳ್ಕಂಡ್ ಏಳ್ತದಾ?" ಎಂದು ನಗುತ್ತಿದ್ದರು. ನನಗೆ ಮೈಯುರಿಯುತ್ತಿತ್ತು.

ಆ ಪ್ಯಾನೆಲ್‌ಗಳನ್ನು ನಾನು ಶೋಕಿಗೆ ಹಾಕಿಸಿದ್ದಲ್ಲ. ಅಮ್ಮನ ಶ್ವಾಸಕೋಶ ಸೋತಿತ್ತು. ಮಂಚದ ಪಕ್ಕದಲ್ಲೊಂದು ಆಮ್ಲಜನಕದ ಯಂತ್ರ, ಅಮ್ಮನ ಮೂಗಿಗೊಂದು ಕೊಳವೆ. ಕರೆಂಟು ಇದ್ದರೆ ಉಸಿರು. ತಾರಸಿಯ ಮೇಲೆ ಸೂರ್ಯನಿದ್ದಾನೆ, ಹಗಲು ಹೊತ್ತು ಅಮ್ಮನ ಉಸಿರಿಗೆ ಇನ್ನು ಭಯವಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಯಜಮಾನರು ಮೂರು ಸಲವಾದರೂ ಎಚ್ಚರಿಸಿದ್ದರು. "ಲೈನ್ನಾಗೆ ಕರೆಂಟ್ ಇಲ್ದಿದ್ರೆ ನಿಮ್ ಸೋಲಾರೂ ಮಲ್ಕೊಂಬುಡ್ತದೆ ಕಣವ್ವ. ಇಲ್ಲಿಂದ ಕರೆಂಟ್ ವಾಪಸ್ ಓಗಿ ಕಂಬದ್ ಮೇಲಿರೋನು ಸಾಯಬಾರ್ದು ಅಂತ ಅಂಗ್ ಮಾಡವ್ರೆ." ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಹೂಂ ಎಂದು ಗೋಣು ಆಡಿಸಿ ಮರೆತೆ.

ಯುಗಾದಿಗೆ ಒಂದು ವಾರವಿತ್ತು. ನಮ್ಮ ಮನೆಯೆದುರಿನ ಕಂಬದಲ್ಲಿ ವೈರು ಬದಲಿಸಬೇಕೆಂದು ಬೆಳಗ್ಗೆಯೇ ಕರೆಂಟು ತೆಗೆದರು. ಹನ್ನೊಂದಕ್ಕೆ ಬರುತ್ತದೆ ಎಂದರು, ಬರಲಿಲ್ಲ. ಮನೆಯ ಹಳೆಯ ಯುಪಿಎಸ್ ಅಲ್ಲಿಯವರೆಗೆ ಅಮ್ಮನ ಯಂತ್ರವನ್ನು ಎಳೆದುಕೊಂಡು ಬಂದು, ಆಮೇಲೆ ಕುಂಯ್ ಕುಂಯ್ ಎನ್ನತೊಡಗಿತು. ತಾರಸಿಗೆ ಓಡಿದೆ. ಮೋಡವಿಲ್ಲದ ಆಕಾಶ, ಕಣ್ಣು ಬಿಡಲಾಗದ ಬಿಸಿಲು, ಹಿಂದಿನ ದಿನವಷ್ಟೇ ಒರೆಸಿದ ಪ್ಯಾನೆಲ್‌ಗಳು ಫಳಫಳ ಹೊಳೆಯುತ್ತಿದ್ದವು. ಮೊಬೈಲ್‌ನಲ್ಲಿ ಮಾತ್ರ ಸೊನ್ನೆ. ಅಷ್ಟು ಬಿಸಿಲಿನ ಕೆಳಗೆ ಆ ಸೊನ್ನೆ ನೋಡಿ ನನಗೆ ಅಳು ಬಂತು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಹೆಬ್ಬಾಳದ ಹತ್ತಿರ ಸಿಕ್ಕಿಕೊಂಡಿದ್ದೇವೆ ಎಂದರು. ಮೂಲೆಯ ಶಾಮಿಯಾನ ಅಂಗಡಿಯಿಂದ ಚಿಕ್ಕ ಜನರೇಟರ್ ತರಿಸಿ ಜಗುಲಿಯಲ್ಲಿ ಇಟ್ಟೆ. ಆಗ ತಲೆಗೊಂದು ಉಪಾಯ ಹೊಳೆಯಿತು. ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟರೆ, ಲೈನು ಬಂತೆಂದು ಸೋಲಾರು ಮೋಸಹೋಗಿ ಏಳುತ್ತದೆ, ಆಮೇಲೆ ಇಡೀ ಮನೆಗೆ ಕರೆಂಟು ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ವೈರನ್ನು ನಾನೇ ಜೋಡಿಸಿದೆ. ಒಂದು ತುದಿಯನ್ನು ಜನರೇಟರಿಗೆ ಚುಚ್ಚಿ, ಹಗ್ಗ ಎಳೆದೆ. ಅದು ಗುಡುಗಿತು. ಒಳಗೆ ಯುಪಿಎಸ್ ಸತ್ತು ಅಮ್ಮನ ಯಂತ್ರ ನಿಂತ ಸದ್ದೂ ಆಗಲೇ ಕೇಳಿಸಿತು. ಇನ್ನೊಂದು ಪ್ಲಗ್ ಹಿಡಿದು ಸಾಕೆಟ್ಟಿನ ಕಡೆ ಬಾಗಿದೆ. ಮೇನ್ ಸ್ವಿಚ್ ಆಫ್ ಮಾಡಬೇಕೆಂಬುದು ತಲೆಗೇ ಬರಲಿಲ್ಲ.

ಯಜಮಾನರು ಕಂಬದ ಬುಡದಲ್ಲಿ ಏಣಿ ಹಿಡಿದು ನಿಂತಿದ್ದರು. ಬೀದಿಯಲ್ಲಿ ಯಾರೇ ಕಂಬ ಹತ್ತಿದರೂ ಅವರು ಅಲ್ಲಿರಲೇಬೇಕು. ಜನರೇಟರ್ ಸದ್ದಿಗೆ ಅವರು ಗೇಟು ನೂಕಿ ಓಡಿ ಬಂದದ್ದು ನನಗೆ ಕಾಣಲಿಲ್ಲ. ಜನರೇಟರ್ ಸ್ತಬ್ಧವಾಯಿತು. ಅವರ ಎಡಗೈ ನನ್ನ ಮುಂಗೈಗೆ ಬಡಿದು ಪ್ಲಗ್ ನೆಲಕ್ಕೆ ಬಿತ್ತು.

"ಯಾಕ್ ಆಫ್ ಮಾಡಿದ್ರಿ? ಅಮ್ಮ ಒಳಗೆ ಉಸಿರಿಗೆ ಒದ್ದಾಡ್ತಿದಾರೆ!" ಎಂದು ಕಿರುಚಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮುದಿಗೂಬೆ ಎಂದೂ ಅಂದೆ.

ಅವರು ನನ್ನ ಗಲ್ಲ ಹಿಡಿದು ಮುಖವನ್ನು ಬೀದಿಯ ಕಡೆ ತಿರುಗಿಸಿದರು. "ಮೇಲೆ ಯಾರವ್ನೆ ನೋಡಿ."

ಕಂಬದ ಮೇಲೆ ಲೈನ್‌ಮನ್ ಇದ್ದ. ನಮ್ಮ ಮನೆಗೆ ಬರುವ ವೈರಿನ ಬೆತ್ತಲೆ ತುದಿ ಅವನ ಅಂಗೈಯಲ್ಲಿತ್ತು. ಏನು ಗಲಾಟೆ ಎಂದು ನಮ್ಮ ಕಡೆ ನೋಡುತ್ತಿದ್ದ.

"ಮಷಿನ್ ವೈರ್ನ ನೇರವಾಗಿ ಜನರೇಟರ್‌ಗೆ ಕೊಟ್ರೆ ಆಯ್ತಲ್ಲವ್ವ, ಮನೆಗ್ಯಾಕೆ ಕೊಡ್ತೀರಿ? ಎಕ್ಸ್‌ಟೆನ್ಷನ್ ಬಾಕ್ಸ್ ತನ್ನಿ. ಬಿರ್ರನೆ."

ಇಷ್ಟು ಸರಳವಾದದ್ದು ಓದಿದವಳಿಗೆ ಹೊಳೆದಿರಲಿಲ್ಲ. ಬಾಕ್ಸಿನ ವೈರನ್ನು ಕಿಟಕಿಯಿಂದ ಒಳಗೆ ಬಿಟ್ಟೆ. ಅಮ್ಮನ ತುಟಿ ನೇರಳೆಯಾಗಿತ್ತು, ಕಣ್ಣು ನನ್ನನ್ನೇ ಹುಡುಕುತ್ತಿತ್ತು. ಹೊರಗೆ ಯಜಮಾನರು ಹಗ್ಗ ಎಳೆದರು, ಜನರೇಟರ್ ಏಳಲಿಲ್ಲ. ಮತ್ತೆ ಎಳೆದರು, ಏಳಲಿಲ್ಲ. ಅಮ್ಮನ ಕೈ ತಣ್ಣಗಾಗುತ್ತಿತ್ತು. ನನಗೆ ಗೊತ್ತಿದ್ದ ದೇವರುಗಳೆಲ್ಲ ಮುಗಿದುಹೋದರು. ಮೂರನೆಯ ಸಲಕ್ಕೆ ಜನರೇಟರ್ ಎದ್ದಿತು. ಯಂತ್ರ ಬುಸ್ಸೆಂದಿತು. ಸ್ವಲ್ಪ ಹೊತ್ತಿಗೆ ಅಮ್ಮ, "ಯಾಕೇ ಕೂಗಾಡ್ತಿದ್ದೆ ಅವರ ಮೇಲೆ?" ಎಂದು ಕೇಳಿದರು.

ಹೊರಗೆ ಬಂದರೆ ಯಜಮಾನರು ಮೆಟ್ಟಿಲ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದರು. ಕಾಫಿ ಕೊಟ್ಟೆ. ಎಡಗೈಯಲ್ಲಿ ತೆಗೆದುಕೊಂಡರು. ಆಗ ತಾವಾಗಿಯೇ ಹೇಳಿದರು.

"ಆವತ್ತೂ ಫ್ಯೂಸು ನನ್ ಜೇಬಲ್ಲೇ ಇತ್ತು. ಕಂಬದ್ ಮೇಲೆ ನಾನು, ನನ್ ಜೊತೆಗಾರ. ಕೆಳಗೊಂದು ಮದ್ವೆ ಮನೆ. ಕರೆಂಟ್ ಇಲ್ಲ ಅಂತ ಅವ್ರು ಮನೆ ವೈರಿಗೇ ಜನರೇಟರ್ ಕೊಟ್ರು. ನಂಗೆ ಎರಡು ಬೆರಳಿಗೆ ಮುಗೀತು. ಅವ್ನು ಕೆಳಕ್ ಬಿದ್ದ, ಏಳ್ಲಿಲ್ಲ."

"ಆ ಮನೆಯವರು?"

"ಅವ್ರಿಗೆ ಇವತ್ಗೂ ಗೊತ್ತಿಲ್ಲ. ಒಳ್ಳೆ ಜನ ಕಣವ್ವ. ಮದ್ವೆ ಮನೆಯಾಗೆ ಓಗಿ ಏನಂತ ಏಳ್ಲಿ?"

ಅಷ್ಟರಲ್ಲಿ ಲೈನ್‌ಮನ್ ಕಂಬದ ಮೇಲಿಂದ, "ಏನ್ ಯಜಮಾನ್ರೇ, ಏನ್ ಸಮಾಚಾರ?" ಎಂದು ಕೂಗಿದ. "ಏನಿಲ್ಲ ಕಣೋ, ಪ್ಲಗ್ ಲೂಸಾಗಿತ್ತು" ಎಂದು ಎದ್ದು ಹೋದರು.

ಮಾರನೆಯ ದಿನದಿಂದ ಅವರು ತಾರಸಿ ಹತ್ತುವ ಹೊತ್ತಿಗೆ ನಾನೂ ಬಟ್ಟೆ ತುಂಡು ಹಿಡಿದು ಹತ್ತುತ್ತಿದ್ದೆ. ಮುದಿಗೂಬೆ ಎಂದದ್ದಕ್ಕೆ ಕ್ಷಮೆ ಕೇಳಿದರೆ, "ಗೂಬೆಗೆ ಹಗಲಲ್ಲಿ ಕಣ್ ಕಾಣಕಿಲ್ವಂತೆ, ನಂಗೆ ಕಾಣ್ತದಲ್ಲ" ಎಂದರು. ಅಮ್ಮನಿಗಾಗಿ ಆಮ್ಲಜನಕ ತುಂಬಿದ ಸಿಲಿಂಡರ್ ಒಂದನ್ನು ತಂದಿಟ್ಟೆ. ಇನ್ನೊಂದು ವಿಚಿತ್ರವೂ ಶುರುವಾಯಿತು. ಆ ಲೈನ್‌ಮನ್ ಕರೆಂಟು ತೆಗೆಯುವ ಮುಂಚೆ ಪ್ರತಿ ಸಲ ನನಗೆ ಫೋನ್ ಮಾಡತೊಡಗಿದ. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಮಾತು ಎಲ್ಲಿಗೆ ಹೋಗುತ್ತದೋ ಎಂಬ ಹೆದರಿಕೆ.

ಮರುವರ್ಷ ಶಿವರಾತ್ರಿ ಕಳೆದು ಚಳಿ ಹೋಗಿತ್ತು. ಒಂದು ಬೆಳಗ್ಗೆ ತಾರಸಿಗೆ ಅವರು ಬರಲಿಲ್ಲ. ಹೋಗಿ ನೋಡಿದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮೈತೊಳೆಯಲು ಬಿಸಿನೀರು ಬೇಕೆಂದಾಗ ನಮ್ಮ ತಾರಸಿಯ ನೀರನ್ನು ಕೊಡಗಳಲ್ಲಿ ತಂದುಕೊಟ್ಟೆವು. ಹೊಗೆಯಾಡುವಷ್ಟು ಬಿಸಿ ಇತ್ತು. ಆ ಟ್ಯಾಂಕಿನ ಸುಣ್ಣ ಕೆರೆಸಿದ್ದು ಹದಿನೈದು ದಿನದ ಹಿಂದೆ ಅವರೇ. ಅದನ್ನು ಯಾರಿಗೂ ಹೇಳಲಾಗದೆ ಬಿಕ್ಕಿ ಬಿಕ್ಕಿ ಅತ್ತೆ.

ಹನ್ನೊಂದನೆಯ ದಿನದ ಊಟಕ್ಕೆ ಲೈನ್‌ಮನ್ ಬಂದಿದ್ದ. ನನ್ನ ಪಕ್ಕ ಕುಳಿತು, "ಅವ್ರ್ ಹೇಳಿದ್ರು ಮೇಡಂ, ಆ ಮನೇಲಿ ಅಮ್ಮಂಗೆ ಉಸಿರಿನ ಮಷಿನ್ ಐತೆ, ಲೈನ್ ತೆಗೆಯೋಕ್ ಮುಂಚೆ ಒಂದ್ ಫೋನ್ ಹಾಕು ಅಂತ" ಎಂದ. ಆ ಮದುವೆ ಮನೆಯವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅವನನ್ನು ಮನೆಗೆ ಕರೆದು ಎಲ್ಲ ಹೇಳಿಬಿಟ್ಟೆ, ಜನರೇಟರ್, ಎರಡು ಪ್ಲಗ್ಗಿನ ವೈರು, ಅವನ ಅಂಗೈಯಲ್ಲಿದ್ದ ತುದಿ, ಒಂದನ್ನೂ ಬಿಡದೆ.

ಅವನು ಬಹಳ ಹೊತ್ತು ತನ್ನ ಕೈಗಳನ್ನು ನೋಡಿಕೊಂಡ. "ನಂಗೆ ಎರಡು ಹೆಣ್ಮಕ್ಳು ಮೇಡಂ" ಎಂದ. ಕಾಫಿ ಮುಟ್ಟದೆ ಎದ್ದು ಹೋದ.

ಇನ್ನು ಅವನ ಫೋನ್ ಬರುವುದಿಲ್ಲ ಎಂದುಕೊಂಡೆ. ಕರೆಂಟು ಮಿಣುಕಿದಾಗಲೆಲ್ಲ ಸಿಲಿಂಡರಿನ ಮುಳ್ಳು ನೋಡುತ್ತ ಎರಡು ವಾರ ಕಳೆದೆ. ಯುಗಾದಿಯ ಹಿಂದಿನ ದಿನ ಬೆಳಗ್ಗೆ ಫೋನ್ ಬಂತು.

"ಮೇಡಂ, ಹತ್ತು ಗಂಟೆಗೆ ಲೈನ್ ತೆಗೀತೀನಿ. ಅಮ್ಮನ್ ಸಿಲಿಂಡರ್ ನೋಡ್ಕೊಳಿ." ಫೋನ್ ಇಡುವ ಮುಂಚೆ, "ನಿಮ್ ಮನೆ ಫ್ಯೂಸ್ ಕಿತ್ತು ನಿಮ್ ಹತ್ರಾನೇ ಇಟ್ಕೊಳಿ. ನಾನ್ ಕೆಳಗಿಳಿದು ಕೇಳೋವರ್ಗೂ ಹಾಕ್ಬೇಡಿ" ಎಂದ.

ಮೀಟರ್ ಪೆಟ್ಟಿಗೆ ತೆರೆದು ಬಿಳಿ ಫ್ಯೂಸು ಕಿತ್ತೆ. ನನ್ನ ಸೀರೆಗೆ ಜೇಬಿಲ್ಲ. ಸೆರಗಿನ ತುದಿಗೆ ಅದನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಗೆ ಹೋಗಿ ಕಂಬದ ಬುಡದಲ್ಲಿ ಏಣಿ ಹಿಡಿದು ನಿಂತೆ.