ಎಡಗಾಲಿನ ಬೂಟು ನೋಡುತ್ತಿದ್ದ ಮೇಷ್ಟ್ರು

ಆಗ ನನಗೆ ಐವತ್ತೆಂಟು. ಏಳು ವರ್ಷದ ಹಿಂದಿನ ಮಾತು. ಪೀಣ್ಯದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುತ್ತಿದ್ದೆ. ಅಲ್ಲಿಯ ಆಟದ ಮೇಷ್ಟ್ರು ಬೆಳಿಗ್ಗೆ ಗೇಟಿನಲ್ಲಿ ನಿಂತರೆ ಹುಡುಗರ ಮುಖ ನೋಡುತ್ತಿರಲಿಲ್ಲ, ಎಡಗಾಲಿನ ಬೂಟು ನೋಡುತ್ತಿದ್ದರು. ಬಿಳಿ ಬೂಟಿನ ಮೇಲೆ ಕಪ್ಪು ಗೆರೆ ಬಿದ್ದಿದ್ದರೆ ಹುಡುಗ ಆ ಕಾಲಲ್ಲಿ ಬೈಕಿನ ಗೇರ್ ಎತ್ತಿಕೊಂಡು ಬಂದಿದ್ದಾನೆ, ಗಾಡಿಯನ್ನು ಹಿಂದಿನ ಗಲ್ಲಿಯಲ್ಲಿ ಬಚ್ಚಿಟ್ಟಿದ್ದಾನೆ ಎಂದೇ ಲೆಕ್ಕ. ಕೈ ಚಾಚುವರು. "ಕೀ ಕೊಡಪ್ಪಾ. ನಿಮ್ಮಮ್ಮ ಬಂದು ಇಸ್ಕೊಳ್ಳಲಿ."

ಊಟಕ್ಕೆ ಮಕ್ಕಳ ಸಾಲಿನ ಕೊನೆಯಲ್ಲಿ ತಟ್ಟೆ ಹಿಡಿದು ನಿಲ್ಲುವರು. ಸಾರು ನೀರಾದ ದಿನ, "ಅಮ್ಮಾ, ಇದ್ರಲ್ಲಿ ಮಕ್ಳಿಗೆ ಈಜು ಕಲಿಸ್ಬೋದು" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮೊಮ್ಮಗ ಅಲ್ಲೇ ಹತ್ತನೇ ಕ್ಲಾಸು. ಅವನಮ್ಮನಿಗೆ ಗಾರ್ಮೆಂಟ್ಸ್ ಕೆಲಸ. ಐದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಅವಳನ್ನು ಬೈಕಿನಲ್ಲಿ ಬಿಟ್ಟು ಬರುತ್ತಿದ್ದ. ಗಲ್ಲಿಯಲ್ಲಿ ಅವನನ್ನು ನಿಲ್ಲಿಸಿ, ಬೂಟಿನ ಗೆರೆಗೆ ಸೀಮೆಸುಣ್ಣ ತಿಕ್ಕಿ ಗೇಟಿಗೆ ಕಳಿಸುತ್ತಿದ್ದವಳು ನಾನೇ.

ಒಂದು ದಿನ ಮೇಷ್ಟ್ರು ಬಗ್ಗಿ ಅವನ ಬೂಟನ್ನು ಹೆಬ್ಬೆರಳಿನಿಂದ ಉಜ್ಜಿದರು. ಕೀ ಈಸಿಕೊಂಡು ನನ್ನನ್ನು ಕೂಗಿದರು.

"ಏನಮ್ಮಾ, ಅಡುಗೆ ಬಿಟ್ಟು ಪೇಂಟಿಂಗ್ ಕಂಟ್ರಾಕ್ಟ್ ಹಿಡಿದ್ರಾ?"

ಮಕ್ಕಳೆಲ್ಲ ನಕ್ಕವು.

"ಕೀ ಕೊಡಿ ಮೇಷ್ಟ್ರೇ. ನಾಳೆ ಅವ್ರಮ್ಮ ಡ್ಯೂಟಿಗೆ ಎಂಗೆ ಓಗ್ಬೇಕು?"

"ಅರ್ಧ ಗಂಟೆ ಮುಂಚೆ ಎದ್ದು ಬಸ್ ಹತ್ತಲಿ. ಹುಡುಗನ್ನೇ ಕಳ್ಕೊಂಡ್ರೆ ಯಾವ ಡ್ಯೂಟಿ?"

ಸಂಜೆ ಅವನಮ್ಮ ಬಂದು ಕೀ ಈಸಿಕೊಂಡಳು. ಆ ವೇಳೆಗೆ ಬಿಲ್ಡಿಂಗು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ, ಮಕ್ಕಳಿಗೆ ಬೈಕು ಕೊಡಿಸಿದ್ದ ಅಪ್ಪಂದಿರು ಮೇಷ್ಟ್ರ ಮೇಲೆ ದೂರು ಬರೆದಿದ್ದರು. ಕೀ ಕಸಿಯುತ್ತಾನೆ, ಮಕ್ಕಳಿಗೆ ಹೊಡೆಯುತ್ತಾನೆ ಎಂದು. ವಿಚಾರಣೆಗೆ ಬಂದ ಸಾಹೇಬರು ನನ್ನನ್ನೂ ಕೇಳಿದರು. "ಒಡೀತಾರೆ ಸಾರ್, ಕಣ್ಣಾರೆ ನೋಡಿವ್ನಿ" ಎಂದೆ. ಮೇಷ್ಟ್ರು ಒಂದು ಮಗುವಿನ ಮೇಲೂ ಕೈ ಎತ್ತಿದವರಲ್ಲ.

ಮೇಷ್ಟ್ರಿಗೆ ವರ್ಗವಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮೇಡಂ "ಸ್ವಂತ ಕೋರಿಕೆಯ ಮೇಲೆ ವರ್ಗಾವಣೆ" ಎಂದು ಓದಿ ಶಾಲು ಹೊದಿಸಿದರು. ನಾಚಿಕೆಗೆಟ್ಟ ಮಾತು. ಅದೇ ಉಸಿರಿನಲ್ಲಿ ರಸ್ತೆ ಸುರಕ್ಷತೆ ಸಪ್ತಾಹವೆಂದು ಮಕ್ಕಳ ಕೈ ಚಾಚಿಸಿ, ಹದಿನೆಂಟು ತುಂಬುವವರೆಗೆ ಗಾಡಿ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿದರು. ದೂರು ಬರೆದ ಅಪ್ಪಂದಿರು ಎದುರಿನ ಕುರ್ಚಿಗಳಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಅಡುಗೆಮನೆ ಬಾಗಿಲಿಗೆ ಬಂದರು. ಬೈಯಲಿ ಎಂದು ಸೌಟು ಹಿಡಿದು ಕಾದೆ, ತಿರುಗಿ ಬೈಯಲು.

"ಅಮ್ಮಾ, ಗಲ್ಲಿಯಲ್ಲಿ ನೋಡ್ದೆ, ನಿಮ್ಮ ಹುಡುಗನ ಬೈಕಿನ ಬ್ರೇಕ್ ವೈರ್ ಹರಿಯೋ ಹಂಗಿದೆ. ಇವತ್ತೇ ಹಾಕ್ಸಿಬಿಡಿ."

ಅಷ್ಟೇ. ಹೊರಟರು. ಸಂಜೆ ನೋಡಿದೆ, ವೈರಿನಲ್ಲಿ ಎರಡೇ ಎಳೆ ಉಳಿದಿತ್ತು. ಹೆಡ್‌ಮೇಡಂ ಮೇಲೆ, ಆ ಅಪ್ಪಂದಿರ ಮೇಲೆ, ನನ್ನ ನಾಲಿಗೆಯ ಮೇಲೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಮೇಷ್ಟ್ರು ಇತ್ತ ವಾಪಸ್ ಬರಲಿಲ್ಲ, ಹೋದ ಊರಿನಲ್ಲೇ ತೀರಿಕೊಂಡರಂತೆ. ನನ್ನ ಮೊಮ್ಮಗ ಬದುಕಿದ್ದಾನೆ.

ಆ ವೈರು ನೋಡಿದ ಮಾರನೆಯ ಬೆಳಿಗ್ಗೆ, ಒಲೆ ಹಚ್ಚಲು ಜೊತೆಯವಳಿಗೆ ಹೇಳಿ, ವಿಚಾರಣೆಗೆ ಬಂದಿದ್ದ ಸಾಹೇಬರ ಆಫೀಸಿಗೆ ಹೋದೆ. ಬೀಗ ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಗುಮಾಸ್ತ ಬಂದವನೇ ಏನು ಬೇಕೆಂದು ಕೇಳಿದ.

"ಬರ್ಕೊಳ್ಳಪ್ಪಾ," ಎಂದೆ, "ಸುಳ್ಳು ಏಳ್ದೋಳು ನಾನು."