ವಾಪಸಾಗುವ ಇರಾದೆ

ನಮ್ಮ ಅಬ್ಬ ಅಬ್ದುಲ್ ಖಾದರ್ ಮಲಬಾರಿನ ತಲಚೇರಿಯಿಂದ ಬಂದು ಹುಣಸೂರು ಪೇಟೆಯಲ್ಲಿ ಕೊಡೆ ರಿಪೇರಿಗೆ ಕೂತವರು. ನಾನು ಹುಟ್ಟಿದ್ದು, ಓದಿದ್ದು ಎಲ್ಲ ಹುಣಸೂರಿನಲ್ಲೇ. ಆದರೂ ೧೯೩೬ರಲ್ಲಿ ಹೆಣ್ಣುಮಕ್ಕಳ ಉರ್ದು ಶಾಲೆಗೆ ಉಪಾಧ್ಯಾಯಿನಿಯಾಗಿ ನನ್ನನ್ನು ಆರಿಸಿದಾಗ, ಅಪ್ಪ ಮೈಸೂರು ಸಂಸ್ಥಾನದ ಪ್ರಜೆ ಎಂಬ ಸರ್ಟಿಫಿಕೇಟು ತಂದರಷ್ಟೇ ಕೆಲಸ ಎಂದರು ಇಲಾಖೆಯವರು. ವರ್ಷಾನುಗಟ್ಟಲೆ ಊರಿನವರ ತಲೆ ನೆನೆಯದಂತೆ ನೋಡಿಕೊಂಡವರು ಪರದೇಶಿಯಂತೆ! ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ತಾಲ್ಲೂಕು ಕಚೇರಿಯ ಗುಮಾಸ್ತರು ಅರ್ಜಿ ಓದಿ ಹೇಳಿದರು. ಕೊನೆಯಲ್ಲಿ, ಹುಟ್ಟೂರಿಗೆ ವಾಪಸಾಗಿ ನೆಲೆಸುವ ಇರಾದೆ ನನಗಿಲ್ಲ ಎಂದಿತ್ತು. ಊರಲ್ಲಿ ತಾಯಿ ಇದ್ದಾಳೆ ಎಂದು ಅಬ್ಬ ಎತ್ತಿದ ಲೇಖನಿಯನ್ನು ಕೆಳಗಿಟ್ಟರು. ಇದು ಎಲ್ಲರೂ ಹಾಕುವ ಸಹಿ, ತಾಯಿಯನ್ನು ನೋಡಲು ಹೋಗಬೇಡಿ ಎಂದು ಯಾರೂ ತಡೆಯುವುದಿಲ್ಲ ಎಂದು ಗುಮಾಸ್ತರು ಸಮಾಧಾನ ಹೇಳಿದರು.

"ನೋಡೋ ಮಾತಲ್ಲ ಸ್ವಾಮಿ. ಕೊನೆಗೆ ಬಂದು ನಿನ್ನ ಜೊತೇಲೇ ಇರ್ತೀನಿ ಅಂತ ತಾಯಿಗೆ ಮಾತು ಕೊಟ್ಟಿವ್ನಿ. ಮೊದ್ಲು ಅವಳಿಗೆ ಹೇಳಬೇಕು, ಆಮೇಲೆ ಸಹಿ."

ಕೆಲಸ ಬೇರೆಯವರ ಪಾಲಾದರೆ ಏನು ಗತಿ ಎಂದು ನಾನು ಅತ್ತೆ. ಅಬ್ಬ ನನ್ನನ್ನೂ ಕರೆದುಕೊಂಡು ವಿರಾಜಪೇಟೆ ದಾರಿಯ ಬಸ್ಸು ಹತ್ತಿದರು.

ತಲಚೇರಿಯಲ್ಲಿ ಅಜ್ಜಿ ಜೈನಾಬಿ ಚಿಕ್ಕಪ್ಪನ ಸಂಸಾರದೊಂದಿಗಿದ್ದರು. ಮಗ ಬಂದನೆಂದು ಅವರ ಸಡಗರ ಹೇಳತೀರದು. ಮುಂದೆ ಅವನು ಬಂದು ಇರಲೆಂದೇ ಬಿಟ್ಟಿದ್ದ ಕೋಣೆಯನ್ನು ನನಗೆ ತೋರಿಸಿದರು. ನನ್ನ ಕೆಲಸ, ಕಚೇರಿಯ ಕಾಗದ, ಎಲ್ಲವನ್ನೂ ಅಬ್ಬ ಹೇಳಿದರು. ಸಹಿ ಹಾಕಿದರೆ ಇನ್ನು ಇಲ್ಲಿ ಬಂದು ನೆಲೆಸುವಂತಿಲ್ಲ ಎಂಬುದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಲಿಲ್ಲ. ಸಹಿಗೆ ಹೆದರಿದವರೆಂದುಕೊಂಡಿದ್ದೆ, ಅವರು ಹೆದರಿದ್ದು ತಮ್ಮ ತಾಯಿಯ ಮುಖಕ್ಕೆ.

ಹೊರಡುವ ದಿನ ಅಬ್ಬ ಹೊಸ್ತಿಲಲ್ಲಿ ನಿಂತರು. ಅಲ್ಲಿಯೂ ನಮ್ಮಲ್ಲಿಯಂತೆಯೇ, ಹೊರಟವರು 'ಹೋಗಿ ಬರ್ತೀನಿ' ಅನ್ನಬೇಕು. ಬರಿದೇ 'ಹೋಗ್ತೀನಿ' ಅಂದರೆ ಹಿರಿಯರು ಬೈಯುತ್ತಾರೆ.

"ಉಮ್ಮಾ, ಹೋಗ್ತೀನಿ" ಎಂದರು ಅಬ್ಬ, ಅವರ ಮಲೆಯಾಳದಲ್ಲಿ.

ಅಜ್ಜಿ ಬೈಯಲಿಲ್ಲ. ನನ್ನ ಕಡೆ ತೋರಿಸಿ, ಇವಳಿಗೆ ಆ ಕೆಲಸ ಖಂಡಿತ ಸಿಗುತ್ತದೆಯೇ ಎಂದು ಕೇಳಿದರು. ಅಬ್ಬ ಹೌದೆಂದು ತಲೆಯಾಡಿಸಿದರು. ಅಜ್ಜಿ ಅವರ ತಲೆಯ ಮೇಲೆ ಕೈಯಿಟ್ಟರು.

"ಹೋಗು" ಎಂದರು. 'ಬಾ' ಎನ್ನಲಿಲ್ಲ.