ಕಿರುಬೆರಳಷ್ಟು ಬೆಂಕಿ

ಮೊನ್ನೆ ನಮ್ಮ ಅಡುಗೆಮನೆಯ ಗೋಡೆಯಿಂದ ಹಳೆಯ ಗ್ಯಾಸ್ ಬಾಯ್ಲರನ್ನು ಬಿಚ್ಚಿಕೊಂಡು ಹೋದರು. ಬಿಚ್ಚಲು ಬಂದವನು ಮುಚ್ಚಳ ತೆಗೆದು, ಒಳಗಿನ ಪುಟ್ಟ ನೀಲಿ ಉರಿಯನ್ನು ತೋರಿಸಿ, "ಬೇಸಿಗೆಯಲ್ಲಿ ಇದನ್ನು ಆರಿಸಿದ್ದರೆ ನಿಮಗೆ ಎಷ್ಟೋ ದುಡ್ಡು ಉಳಿಯುತ್ತಿತ್ತು" ಎಂದ. ಈ ಪಾಠವನ್ನು ನಿನಗಿಂತ ಇಪ್ಪತ್ತು ವರ್ಷ ಮೊದಲೇ ಕಲಿತವನು ನಾನು, ಮಾರಾಯಾ, ಅನ್ನಬೇಕೆನಿಸಿತು. ಅಷ್ಟನ್ನು ಜರ್ಮನ್‌ನಲ್ಲಿ ಹೇಳುವ ಬದಲು ಒಂದು ಕಪ್ಪು ಕಾಫಿ ಕೊಟ್ಟೆ.

ಈ ಬಾಯ್ಲರನ್ನು ನೀವು ಕಂಡಿರಲಿಕ್ಕಿಲ್ಲ. ಒಳಗೆ ಕಿರುಬೆರಳಷ್ಟು ಬೆಂಕಿ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಅದರಿಂದಲೇ ದೊಡ್ಡ ಉರಿ ಹೊತ್ತಿಕೊಳ್ಳುತ್ತದೆ. ಯಾರೂ ನಲ್ಲಿ ಮುಟ್ಟದಾಗಲೂ ಅದು ಸುಮ್ಮನೆ ಗ್ಯಾಸು ತಿನ್ನುತ್ತದೆ. ಆರಿಸುವುದು ಸುಲಭ, ಮತ್ತೆ ಹೊತ್ತಿಸುವುದೇ ರಗಳೆ. ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಡ್ಡಿ ಗೀರಿ ಹಚ್ಚಿ, ಮೂವತ್ತರ ತನಕ ಎಣಿಸಬೇಕು. ನಡುವೆ ಬೆರಳು ಸಡಿಲವಾಯಿತೋ, ಪುನಃ ಒಂದರಿಂದ ಶುರು.

ನಾನು ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ ಬಂದದ್ದು, ಆ ಸರ್ಕಾರ ಕಂಪ್ಯೂಟರ್ ಕೆಲಸದವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಐದೇ ವರ್ಷಕ್ಕೆಂದು. ಅಷ್ಟರಲ್ಲಿ ದುಡ್ಡು ಕೂಡಿಸಿ ಧಾರವಾಡದಲ್ಲಿ ಮನೆ ಕಟ್ಟಿಸುವುದೆಂದು ಲೆಕ್ಕ ಹಾಕಿದ್ದೆ. ಬ್ರೆಡ್ಡು ಕೊಂಡರೂ ಅದರ ಬೆಲೆಯನ್ನು ರೂಪಾಯಿಗೆ ಗುಣಿಸಿ ಹೌಹಾರುತ್ತಿದ್ದೆ. ಐದು ವರ್ಷಕ್ಕೆ ಬಂದವನು ಇನ್ನೂ ಅದೇ ಬಾಡಿಗೆ ಮನೆಯಲ್ಲಿದ್ದೇನೆ, ಆ ಮಾತು ಬೇರೆ.

ಎರಡನೆಯ ಬೇಸಿಗೆಗೆ ಹೆಂಡತಿ ಸುಮಾಳ ತಾಯಿ ಹುಬ್ಬಳ್ಳಿಯಿಂದ ಮೂರು ತಿಂಗಳ ವೀಸಾದಲ್ಲಿ ಬಂದರು. ಸುಮಾ ಬೆಳಗ್ಗೆ ಜರ್ಮನ್ ಕ್ಲಾಸಿಗೆ ಹೋದರೆ, ಇನ್ನೂ ವರ್ಷ ತುಂಬದ ಮಗಳನ್ನು ಅತ್ತೆಯೇ ನೋಡಿಕೊಳ್ಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಅವರ ದೇವರ ಜಗಲಿಯ ಮೇಲೆ ನಂದಾದೀಪ. ಇಲ್ಲಿ ಬಾಡಿಗೆ ಮನೆಯ ಕಾರ್ಪೆಟ್ಟಿಗೆ ಹೆದರಿ ಎಣ್ಣೆದೀಪ ಹಚ್ಚಲು ನಾನು ಬಿಡಲಿಲ್ಲ. "ಇರ್ಲಿ ಬಿಡ್ರಿ, ನಿಮ್ಮ ಗ್ವಾಡ್ಯಾಗ ಐತೆಲ್ಲಾ ದೀಪ" ಎಂದು ಬಾಯ್ಲರಿನ ಮುಚ್ಚಳಕ್ಕೆ ಕುಂಕುಮ ಹಚ್ಚಿದರು. ನಾನು ನಕ್ಕೆ.

ಹದಿನೈದು ದಿನಕ್ಕೆ ಹುಬ್ಬಳ್ಳಿಯಿಂದ ಫೋನು ಬಂತು. ಮಾವನವರಿಗೆ ಮುಂದಿನ ತಿಂಗಳು ಬೈಪಾಸ್ ಆಪರೇಷನ್. ಅತ್ತೆಯ ವಾಪಸು ಟಿಕೆಟ್ಟು ಅದಕ್ಕಿಂತ ಮೂರು ವಾರ ಆಚೆಗಿತ್ತು. "ಅಗ್ಗದ ಟಿಕೆಟ್ಟು ನೋಡ್ರಿ, ಡೇಟ್ ಬದ್ಲಿ ಮಾಡಿದ್ರ ಹೊಸಾದ ತಗೊಂಡಂಗ" ಎಂದೆ, ಯಾರೂ ಕೇಳದಿದ್ದರೂ. "ಅಲ್ಲೆ ಇಬ್ರು ಗಂಡಮಕ್ಕಳು ಅದಾರ. ಚಿಂತಿ ಮಾಡಬ್ಯಾಡ್ರಿ."

"ಖರೇ ಐತ್ರಿ" ಎಂದರು ಅತ್ತೆ. ಹೋಗುತ್ತೇನೆ ಅನ್ನಲಿಲ್ಲ. ಅನ್ನಲಿಲ್ಲವಾದ್ದರಿಂದ ಅವರಿಗೆ ಹೋಗಬೇಕಾಗಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ.

ಅದೇ ವಾರ ವರ್ಷದ ಗ್ಯಾಸ್ ಬಿಲ್ಲು ಬಂತು. ಆಫೀಸಿನಲ್ಲಿ ಗೋಳು ತೋಡಿಕೊಂಡಾಗ ಮೈಸೂರಿನ ಗೆಳೆಯನೊಬ್ಬ, "ಗುರು, ಆ ಚಿಕ್ಕ ಉರಿ ಆಫ್ ಮಾಡಿಬಿಡು, ಸಮ್ಮರಲ್ಲಿ ಯಾಕದು?" ಎಂದ. ಮರುದಿನದಿಂದ ಮನೆಯಲ್ಲಿ ಹೊಸ ಕಾನೂನು. ನಾನು ಆಫೀಸಿಗೆ ಹೊರಡುವಾಗ ಉರಿ ಆರಬೇಕು, ಸಂಜೆ ಹೊತ್ತಬೇಕು. ಬೆಳಗ್ಗೆ ಎದ್ದ ಕೂಡಲೇ ನನಗೆ ಬಿಸಿನೀರು ಬೇಕಿತ್ತಾದ್ದರಿಂದ ರಾತ್ರಿಯ ಉಳಿತಾಯ ಮಾತ್ರ ಈ ಕಾನೂನಿನಲ್ಲಿ ಸೇರಿರಲಿಲ್ಲ.

ಹತ್ತು ದಿನ ಕಳೆದಿರಬೇಕು. ಆಫೀಸಿನ ಬ್ಯಾಡ್ಜ್ ಮರೆತು ಬಸ್ ಸ್ಟಾಪಿನಿಂದ ಮನೆಗೆ ಮರಳಿದೆ. ಅಡುಗೆಮನೆಯಲ್ಲಿ ಯಾರೋ ಜರ್ಮನ್‌ನಲ್ಲಿ ಎಣಿಸುತ್ತಿದ್ದರು. ಇಣುಕಿದರೆ ಕೆಳಗಿನ ಮನೆಯ ಮುದುಕಿ ಫ್ರಾವ್ ಹೂಬರ್ ನಮ್ಮ ಮಗಳನ್ನು ಎತ್ತಿಕೊಂಡು ನಿಂತಿದ್ದಾರೆ. ಅತ್ತೆ ಸ್ಟೂಲು ಹತ್ತಿ, ಗುಂಡಿ ಒತ್ತಿ ಹಿಡಿದು, ಅವರು ಹೇಳಿದ ಅಂಕಿಯನ್ನೇ ಹೇಳುತ್ತಿದ್ದಾರೆ. ನನ್ನನ್ನು ಕಂಡರೂ ಬೆರಳು ತೆಗೆಯಲಿಲ್ಲ. ಮೂವತ್ತು ಆದ ಮೇಲೆಯೇ ಇಳಿದರು. ಫ್ರಾವ್ ಹೂಬರ್ ನನ್ನ ಮುಖ ನೋಡಿದವರೇ ಮಗುವನ್ನು ನನ್ನ ಕೈಗಿಟ್ಟು ಮೆಟ್ಟಿಲಿಳಿದರು.

ನಾನು ಹೊರಬಿದ್ದ ಹತ್ತು ನಿಮಿಷಕ್ಕೆ ದಿನಾ ಇದೇ ನಡೆಯುತ್ತಿತ್ತಂತೆ. ಮೊದಲ ದಿನ ಅತ್ತೆ ಕೆಳಗೆ ಹೋಗಿ ಕಡ್ಡಿಪೆಟ್ಟಿಗೆ ತೋರಿಸಿ ಆಕೆಯನ್ನು ಕರೆತಂದಿದ್ದರು. ಆಕೆಯ ಮನೆಯಲ್ಲೂ ಇಂಥದೇ ಬಾಯ್ಲರು. ಸಂಜೆ ನಾನು ಬಂದಾಗ ಉರಿ ಇರುತ್ತಿದ್ದುದು ಹೌದು, ಪಾತ್ರೆ ತೊಳೆಯಲು ಸುಮಾ ಹೊತ್ತಿಸಿರಬೇಕು ಅಂದುಕೊಂಡಿದ್ದೆ. ಸುಮಾಳಿಗೂ ಎಲ್ಲ ಗೊತ್ತಿತ್ತು. ಅಂತೂ ನನ್ನ ಉಳಿತಾಯ ದಿನಕ್ಕೆ ಹತ್ತು ನಿಮಿಷದ್ದು.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. "ಅತ್ತಿ, ಹಿಂಗ್ಯಾಕ ಮಾಡ್ತೀರಿ?" ಎಂದೆ.

"ಅವರ ಆಪರೇಷನ್ ಮುಗಿಯೂತನಕ ಉರೀಲಿ ಅಂತ ಬೇಡ್ಕೊಂಡೀನ್ರಿ" ಎಂದರು, ಹೆಬ್ಬೆರಳು ತಿಕ್ಕಿಕೊಳ್ಳುತ್ತ. "ನೀವು ಆರಸಿದ ಆ ಹತ್ತು ನಿಮಿಷ ದೇವರು ಮಾಫ್ ಮಾಡ್ತಾನ."

"ಅಷ್ಟ ಜೀವ ಹೊಡ್ಕೋತಿದ್ರ ಊರಿಗೆ ಹೋಗ್ತೀನಿ ಅಂತ ಯಾಕ ಅನ್ನಲಿಲ್ಲ?"

ಅತ್ತೆಯ ದನಿಯಲ್ಲಿ ಕೋಪವಿರಲಿಲ್ಲ. "ಇಷ್ಟ ಉರಿ ಸೈತ ಲುಕ್ಸಾನ ಅಂತ ಆರಸೋರ ಮುಂದ, ಟಿಕೀಟಿನ ಮಾತು ಹ್ಯಾಂಗ ತಗೀಲ್ರಿ?"

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆಫೀಸಿಗೆ ರಜೆ ಹೇಳಿ ಟಿಕೆಟ್ಟಿನ ಅಂಗಡಿಗೆ ಹೋದೆ. ಆ ದುಡ್ಡಿಗೆ ಚಿಕ್ಕ ಉರಿ ಎಷ್ಟು ವರ್ಷ ಉರಿಯುತ್ತಿತ್ತು ಎಂದು ಲೆಕ್ಕ ಹಾಕಲಿಲ್ಲ ಅಂದರೆ ನೀವು ನಂಬುವುದಿಲ್ಲ. ಹಾಕಿದೆ, ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಹತ್ತಿಸುವಾಗ ಅತ್ತೆ, "ಆರಸಬ್ಯಾಡ್ರಿ ಮತ್ತ" ಎಂದರು. ಮಾವನವರನ್ನು ಆಪರೇಷನ್ ಕೋಣೆಯಿಂದ ಹೊರತಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಆಮೇಲೆ ಮಾವನವರು ಹನ್ನೊಂದು ವರ್ಷ ಬದುಕಿದರು. ಉರಿಯನ್ನು ನಾನು ಮತ್ತೆ ಆರಿಸಲಿಲ್ಲ, ಮೊನ್ನೆಯ ತನಕ.

ನಿನ್ನೆ ಹುಬ್ಬಳ್ಳಿಗೆ ಫೋನು ಮಾಡಿ ಬಾಯ್ಲರು ಹೋದ ಸುದ್ದಿ ಹೇಳಿದೆ.

"ಹೊಸಾದಕ್ಕ ಉರಿ ಇಲ್ಲೇನ್ರಿ?"

"ಇಲ್ಲ ಅತ್ತಿ. ನೀರು ಬೇಕಂದಾಗ ತಾನ ಹೊತ್ಕೋತೈತಿ."

ಅತ್ತೆ ನಕ್ಕು, "ಐನ್ಸ್, ಟ್ಸ್ವೈ, ಡ್ರೈ" ಎಂದು ಶುರುಮಾಡಿ ಮೂವತ್ತರ ತನಕ ತಪ್ಪದೆ ಎಣಿಸಿದರು. ಎಣಿಸಿ ಮುಗಿಸಿದ ಮೇಲೆ ಕೇಳಿದೆ, "ನಿಮಗ ಏನರ ಬೇಕಾಗೈತೇನ್ರಿ?"

"ನನಗೇನ ಬೇಕ್ರಿ. ಏನೂ ಬ್ಯಾಡ."

ಹಿಂದೆಯಾಗಿದ್ದರೆ ಅಷ್ಟಕ್ಕೇ ಫೋನು ಇಟ್ಟುಬಿಡುತ್ತಿದ್ದೆ. ಈಗ ಬೆರಳು ಸಡಿಲ ಬಿಡಬಾರದು ಎಂಬುದು ಗೊತ್ತಿದೆ. ಇನ್ನೊಮ್ಮೆ ಕೇಳಿದೆ. ಮತ್ತೊಮ್ಮೆ ಕೇಳಿದೆ.

"ಮೊಮ್ಮಗಳನ್ನ ಒಮ್ಮೆ ನೋಡಬೇಕಾಗಿತ್ರಿ" ಎಂದರು.